ಓದುಗರ ಪ್ರಶ್ನೆ: ನಮ್ಮ ಗುಡ್ಡ ಟೇಬಲ್ ಮ್ಯಾಲ ಬರ್ತದೇನ್ರಿ?

ಪ್ರಶ್ನೆ: ಸರ್, ಫೋನಿನಾಗ ವಿಡಿಯೋ ನೋಡ್ತಿರ್ತೀನ್ರಿ. ದೊಡ್ಡ ಟೇಬಲ್ ಮ್ಯಾಲ ಹೆಬ್ಬೆರಳಿನಷ್ಟು ಸಣ್ಣ ಸೈನಿಕರನ್ನ ನಿಂದ್ರಿಸಿ, ದಾಳ ಉರುಳಿಸಿ, ಟೇಪಿಲೆ ಅಳತಿ ಮಾಡಿ ಲಡಾಯಿ ಆಡ್ತಾರ. ಆ ಟೇಬಲ್ ಮ್ಯಾಲಿನ ಗುಡ್ಡ, ಮನಿ, ಗಿಡ ಎಲ್ಲಾ ಆಡೋರೇ ಕೈಲೆ ಮಾಡ್ಕೊಂಡಿದ್ದಂತ. ಎದರಿಂದ ಮಾಡ್ತಾರ್ರಿ ಅವನ್ನ? ನಮ್ಮೂರಾಗ ಸಿಗೋ ಸಾಮಾನಿಲೆ ನಮ್ಮ ಕಡೀ ಗುಡ್ಡ ಮಾಡ್ಲಿಕ್ಕೆ, ಸುರಪುರ ನಾಯಕರ ಲಡಾಯಿ ಆಡ್ಲಿಕ್ಕೆ ಬರ್ತದೇನು? ಸೈನಿಕರ ಗೊಂಬಿ ಭಾಳ ತುಟ್ಟಿ ಅದಾವ, ಅದಕ್ಕೇನು ಮಾಡ್ಲಿ?
— ಪದವಿ ವಿದ್ಯಾರ್ಥಿ, ಹತ್ತಿಕುಣಿ, ಯಾದಗಿರಿ ತಾಲ್ಲೂಕು

ಉತ್ತರ: ಧಾರಾಳವಾಗಿ ಬರುತ್ತದೆ. ಸಾಮಾನಿನಲ್ಲಿ ಮುಕ್ಕಾಲು ಪಾಲು ನಿಮ್ಮ ಹೊಲ, ಹಿತ್ತಲು, ಅಡುಗೆಮನೆಯಲ್ಲೇ ಇದೆ. ದುಡ್ಡು ಕೊಟ್ಟು ತರಬೇಕಾದದ್ದು ಥರ್ಮಾಕೋಲ್ ಹಾಳೆ, ಫೆವಿಕಾಲ್ ಮತ್ತು ಮೂರ್ನಾಲ್ಕು ಬಣ್ಣ. ಅದಕ್ಕೆ ಯಾದಗಿರಿಯ ಸ್ಟೇಷನರಿ ಅಂಗಡಿ ಸಾಕು, ಹೈದರಾಬಾದಿಗೆ ಹೋಗಬೇಕಾಗಿಲ್ಲ.

ಆದರೆ ಚಾಕು ಹಿಡಿಯುವ ಮುಂಚೆ ಈ ಆಟದಲ್ಲಿ ಗುಡ್ಡಕ್ಕೆ ಏನು ಕೆಲಸ ಅನ್ನುವುದು ಸ್ಪಷ್ಟವಾಗಬೇಕು. ಚದುರಂಗದ ಮಣೆಯಲ್ಲಿ ಮನೆಗಳಿರುತ್ತವೆ, ಯಾವ ಕಾಯಿ ಎಲ್ಲಿಗೆ ಹೋಗಬಹುದು ಅನ್ನುವುದನ್ನು ಆ ಮನೆಗಳ ಲೆಕ್ಕದಲ್ಲೇ ಹೇಳಬಹುದು. ಇಲ್ಲಿ ಮನೆಗಳಿಲ್ಲ. ಸೈನಿಕ ಬಯಲಲ್ಲಿ ಆರು ಇಂಚು ನಡೆದರೆ ಕಲ್ಲುಬಂಡೆಯ ನಡುವೆ ಮೂರೇ ಇಂಚು. ಗೋಡೆಯ ಹಿಂದೆ ನಿಂತವನಿಗೆ ಗುಂಡು ತಗಲುವುದು ಕಷ್ಟ. ಅವನು ಕಾಣುತ್ತಾನೋ ಇಲ್ಲವೋ ಎಂದು ಜಗಳ ಬಂದರೆ, ಆಡುವವರು ಬಗ್ಗಿ ಗೊಂಬೆಯ ಕಣ್ಣಿನ ಮಟ್ಟದಿಂದ ನೋಡಿ ತೀರ್ಮಾನ ಮಾಡುತ್ತಾರೆ. ಹಾಗಾಗಿ ನೀವು ಮಾಡುವ ಒಂದೊಂದು ಬಂಡೆಯೂ ಆಟದ ಒಂದೊಂದು ನಿಯಮ. ನೋಡಲು ಚಂದವಿದ್ದು, ಗೊಂಬೆ ನಿಲ್ಲಲು ಎರಡು ಬೆರಳು ಜಾಗವಿಲ್ಲದ ಗುಡ್ಡ ಆಟಕ್ಕೆ ದಂಡ. ವಿಡಿಯೋ ನೋಡಿ ಕಲಿಯುವವರು ಸಾಮಾನ್ಯವಾಗಿ ಎಡವುವುದೇ ಇಲ್ಲಿ: ಯುರೋಪಿನ ಪೈನ್ ಕಾಡು, ಮುರಿದ ಚರ್ಚು, ಹಿಮ. ಅವು ಆ ಊರಿನ ಯುದ್ಧಕ್ಕೆ ಹುಟ್ಟಿದ ವಸ್ತುಗಳು. ನಿಮ್ಮ ಯುದ್ಧ ಯಾವುದೆಂದು ಮೊದಲು ಗೊತ್ತಾಗಲಿ, ಮೇಜಿನ ಮೇಲೆ ಏನಿರಬೇಕು ಎಂಬುದನ್ನು ಅದೇ ಹೇಳುತ್ತದೆ.

ಸುರಪುರ ನಾಯಕರ ಲಡಾಯಿ ಅಂದಿರಿ. ಹಾಗಾದರೆ 1705ರ ವಾಗಣಗೇರಾ ಮುತ್ತಿಗೆಯನ್ನೇ ತೆಗೆದುಕೊಳ್ಳಿ. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು, ಆಗ ಅವನ ವಯಸ್ಸು 86. ಫೆಬ್ರುವರಿಯಲ್ಲಿ ಬಂದು ಕೂತವನಿಗೆ ಕೋಟೆ ಕೈಗೆ ಬಂದದ್ದು ಏಪ್ರಿಲ್ ಕೊನೆಗೆ. ಸುರಪುರದ ದೊರೆ ಪಿಡ್ಡನಾಯಕನ ಬೇಡ ಪಡೆ ಕೋವಿ ಹಿಡಿದು ಬಂಡೆಗಳ ಸಂದಿಯಲ್ಲಿ ಕೂತಿತ್ತು. ಇತಿಹಾಸಕಾರ ಜದುನಾಥ ಸರ್ಕಾರ್ ಔರಂಗಜೇಬನ ಚರಿತ್ರೆಯಲ್ಲಿ ಈ ಮುತ್ತಿಗೆಯನ್ನು ವಿವರವಾಗಿ ಬರೆದಿದ್ದಾರೆ. ಅದನ್ನು ಓದುವಾಗ ಆಟ ಮಾಡುವವನ ಕಣ್ಣಿಗೆ ಬೀಳುವುದು ಮೂರು ವಸ್ತು. ಮೊದಲನೆಯದು ಕೋಟೆಗೆ ಎದುರಾಗಿದ್ದ ಕೆಂಪು ದಿಬ್ಬ, ಮೊಗಲರ ಬಾಯಲ್ಲಿ ಲಾಲ್ ಟೀಕ್ರಿ. ಮೊಗಲರು ಅದನ್ನು ಹತ್ತಿ ಹಿಡಿದರು, ಬೇಡರು ಮೇಲಿಂದ ಕಲ್ಲು ಉರುಳಿಸಿ, ಗುಂಡು ಹೊಡೆದು ಕೆಳಗಿಳಿಸಿದರು. ಎರಡನೆಯದು ಬುಡದ ಊರು, ತಳವಾರಗೇರಾ. ಮೂರನೆಯದು ಬಾವಿಗಳು. ಮೊಗಲ್ ಸೇನಾಪತಿ ಜುಲ್ಫಿಕರ್ ಖಾನ್ ದಂಡು ತಂದ ಮೇಲೆ ಬಾವಿಗಳನ್ನು ಹಿಡಿದು ಒಳಗಿನವರಿಗೆ ನೀರು ಕಟ್ಟಿದ. ಕಡೆಗೆ ಪಿಡ್ಡನಾಯಕ ತನ್ನ ಜನರೊಂದಿಗೆ ರಾತ್ರೋರಾತ್ರಿ ಹೊರಟುಹೋದ. ಮೊಗಲರಿಗೆ ಸಿಕ್ಕಿದ್ದು ಉರಿಯುವ ಮನೆಗಳು, ಬರಿದಾದ ಕೋಟೆ.

ನೋಡಿ, ಮೇಜು ಇಲ್ಲೇ ತಯಾರಾಯಿತು: ಬಂಡೆಗಳ ದಿಬ್ಬ ಒಂದು, ಮಾಳಿಗೆ ಮನೆಗಳ ಕೇರಿ ಒಂದು, ಬಾವಿ ಎರಡು, ಒಂದು ಅಂಚಿಗೆ ಕೋಟೆ ಗೋಡೆಯ ತುಂಡು. ಎರಡು ಕಡೆಯ ಬಲ ಸಮವಲ್ಲ, ಗೆಲ್ಲುವ ದಾರಿಯೂ ಬೇರೆ ಬೇರೆ. ಆಡುಹುಲಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಳತೆ. ಈ ಆಟದಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು 28 ಮಿಲಿಮೀಟರ್ ಎತ್ತರದ ಗೊಂಬೆ. ಅಂದರೆ ನಿಜದ ಅಳತೆಯ ಸುಮಾರು ಅರವತ್ತರಲ್ಲಿ ಒಂದು ಪಾಲು. ಆರಡಿ ಬಾಗಿಲು ಮೇಜಿನ ಮೇಲೆ 30 ಮಿಲಿಮೀಟರ್, ಇಪ್ಪತ್ತಡಿ ಗೋಡೆ ನಾಲ್ಕು ಇಂಚು. ಇಲ್ಲಿಯವರೆಗೆ ಲೆಕ್ಕ ಸರಿ. ಆದರೆ ಇದೇ ಲೆಕ್ಕದಲ್ಲಿ ಇನ್ನೂರಡಿ ಗುಡ್ಡ ಮಾಡಿದರೆ ಮೂರಡಿಗಿಂತ ಎತ್ತರವಾಗುತ್ತದೆ, ನೂರು ಗಜ ಹೋಗುವ ಕೋವಿಯ ಗುಂಡಿಗೆ ಐದಡಿ ಮೇಜು ಬೇಕಾಗುತ್ತದೆ. ಅದಕ್ಕೇ ಆಡುವವರು ಒಂದು ಒಪ್ಪಂದ ಮಾಡಿಕೊಂಡಿರುತ್ತಾರೆ: ಮನೆ, ಬಾಗಿಲು, ಗೋಡೆ ಗೊಂಬೆಯ ಅಳತೆಗೆ ಸರಿಯಾಗಿರಲಿ, ಗುಡ್ಡ ಮತ್ತು ದೂರವನ್ನು ಕುಗ್ಗಿಸೋಣ. ಆರು ಇಂಚು ಎತ್ತರದ ದಿಬ್ಬವನ್ನು ಕಂಡರೆ ಗುಡ್ಡವೆಂದೇ ಕಣ್ಣು ಒಪ್ಪಿಕೊಳ್ಳುತ್ತದೆ. ದೊಡ್ಡ ಮೇಜು ಆರಡಿಗೆ ನಾಲ್ಕಡಿ ಇರುತ್ತದೆ. ನಿಮಗೆ ಮೊದಲಿಗೆ ಮೂರಡಿ ಚೌಕ ಸಾಕು, ಹತ್ತಿಪ್ಪತ್ತು ಗೊಂಬೆಯ ಕಾಳಗ ಅದರಲ್ಲಿ ಚೆನ್ನಾಗಿ ಹಿಡಿಸುತ್ತದೆ. ಗೊಂಬೆಯ ಪೀಠ ಒಂದಿಂಚು ಅಗಲ. ಆದ್ದರಿಂದ ಗುಡ್ಡದ ಮೇಲೆ ಅಲ್ಲಲ್ಲಿ ಒಂದೂಕಾಲು ಇಂಚು ಸಪಾಟು ಜಾಗ ಬಿಡಲೇಬೇಕು. ಇಳಿಜಾರು ಕಡಿದಾದರೆ ಗೊಂಬೆ ಜಾರಿ ಬೀಳುತ್ತದೆ, ಬಿದ್ದರೆ ಮೊದಲು ಮುರಿಯುವುದು ಕೋವಿ ಹಿಡಿದ ಕೈ.

ಗುಡ್ಡದ ಒಡಲಿಗೆ ಥರ್ಮಾಕೋಲ್. ಪರದೇಶದವರು ನಸುಗೆಂಪು ಇಲ್ಲವೇ ನೀಲಿ ಬಣ್ಣದ ಗಟ್ಟಿ ಫೋಮ್ ಹಲಗೆ ಬಳಸುತ್ತಾರೆ, ಕಟ್ಟಡದ ಛಾವಣಿಗೆ ಶಾಖ ತಡೆಯಲು ಹಾಕುವಂಥದ್ದು. ಅದರಲ್ಲಿ ಕಾಳುಗಳಿಲ್ಲ, ಚಾಕು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ನಮ್ಮ ಕಡೆ ಬಿಡಿಯಾಗಿ ಸಿಗುವುದು ಕಷ್ಟ. ಟಿವಿ, ಫ್ರಿಜ್ ಪೆಟ್ಟಿಗೆಯ ಬಿಳಿ ಥರ್ಮಾಕೋಲ್ ಪುಕ್ಕಟೆ ಸಿಗುತ್ತದೆ. ಕಾಳು ಕಾಳಾಗಿ ಉದುರುವುದೊಂದು ಕಾಟ. ಹೊಸ ಬ್ಲೇಡು ಹಾಕಿದ ಚಾಕುವಿನಿಂದ ಗರಗಸದಂತೆ ಎಳೆಯದೆ ಒಂದೇ ಎಳೆತಕ್ಕೆ ಕೊಯ್ದರೆ ಉದುರುವುದು ಕಡಿಮೆ. ಕಾದ ತಂತಿಯ ಕಟರ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಕರಗುವ ಥರ್ಮಾಕೋಲಿನ ಹೊಗೆ ಕೆಟ್ಟದ್ದು, ಆ ಕೆಲಸ ಅಂಗಳದಲ್ಲೇ ಆಗಲಿ. ಇನ್ನೊಂದು ಎಚ್ಚರಿಕೆ: ರಬ್ಬರ್ ಅಂಟು, ಪೆಟ್ರೋಲು, ಥಿನ್ನರ್, ಸ್ಪ್ರೇ ಬಣ್ಣ ಇವೆಲ್ಲ ಥರ್ಮಾಕೋಲನ್ನು ತಿಂದುಹಾಕುತ್ತವೆ. ಬಿಳಿ ಫೆವಿಕಾಲ್ ಒಂದೇ ಗತಿ. ಅದು ಒಣಗುವುದು ನಿಧಾನ. ರಾತ್ರಿ ಅಂಟಿಸಿ ಮೇಲೆ ಭಾರ ಹೇರಿ ಮಲಗಿ.

ಈಗ ಬಂಡೆಯ ವಿಚಾರ. ನಿಮ್ಮ ಕೆಲಸದ ಜೀವ ಇರುವುದು ಇದರಲ್ಲಿ, ಹಾಗಾಗಿ ತುಸು ಹೆಚ್ಚು ಹೇಳುತ್ತೇನೆ. ವಿಡಿಯೋದಲ್ಲಿ ಕಲ್ಲು ಮಾಡುವವರು ಮರದ ತೊಗಟೆ ಅಂಟಿಸುತ್ತಾರೆ, ಇಲ್ಲವೇ ಫೋಮನ್ನು ಹರಿದು ಪದರಪದರವಾದ ಚೂಪು ಕೋಡುಗಲ್ಲು ಮಾಡುತ್ತಾರೆ. ಅದು ಬೇರೆ ದೇಶದ ಕಲ್ಲು. ಯಾದಗಿರಿ ಕೋಟೆಯ ಗುಡ್ಡ ನೋಡಿ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡಸಾಲು ನೋಡಿ, ಸುರಪುರದ ಸುತ್ತಮುತ್ತ ನೋಡಿ: ಎಲ್ಲ ದುಂಡು ಬಂಡೆ, ಒಂದರ ಮೇಲೊಂದು ಯಾರೋ ಪೇರಿಸಿಟ್ಟ ಹಾಗೆ. ಯಾರೂ ಪೇರಿಸಿದ್ದಲ್ಲ. ಗ್ರಾನೈಟು ನೆಲದೊಳಗೆ ಇದ್ದಾಗಲೇ ಅದರಲ್ಲಿ ಅಡ್ಡ-ಉದ್ದ ಬಿರುಕುಗಳು ಬಿದ್ದು ಚೌಕ ಚೌಕ ತುಂಡಾಗಿರುತ್ತದೆ. ಆ ಬಿರುಕುಗಳಲ್ಲಿ ನೀರು ಇಳಿದು ಕಲ್ಲನ್ನು ಕೊಳೆಸುತ್ತದೆ. ತುಂಡಿನ ಮುಖಕ್ಕೆ ನೀರು ತಗಲುವುದು ಒಂದೇ ಕಡೆಯಿಂದ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಮೂಲೆ ಮೊದಲು ಹೋಗುತ್ತದೆ, ಅಂಚು ಆಮೇಲೆ. ಚೌಕ ಗುಂಡಾಗುತ್ತದೆ. ಸುತ್ತಲಿನ ಪುಡಿಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಉಳಿಯುವುದು ಪೇರಿಸಿಟ್ಟಂತೆ ಕಾಣುವ ಗುಂಡುಗಳು.

ನೀವೂ ಹಾಗೆಯೇ ಮಾಡಿ. ಎರಡು ಮೂರು ಇಂಚು ದಪ್ಪದ ಥರ್ಮಾಕೋಲ್ ತುಂಡನ್ನು ಇಟ್ಟಿಗೆಯಂತೆ ಆರೆಂಟು ಭಾಗವಾಗಿ ಕೊಯ್ಯಿರಿ. ಯಾವುದರ ಪಕ್ಕ ಯಾವುದಿತ್ತು ಎಂದು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಒಂದೊಂದರ ಮೂಲೆಯನ್ನು ಮೊದಲು ಕತ್ತರಿಸಿ, ಆಮೇಲೆ ಅಂಚು ಸವರಿ. ನಂತರ ಒರಟು ಸಿಮೆಂಟ್ ಗೋಡೆಗೆ ಅಥವಾ ಮರಳು ಕಾಗದಕ್ಕೆ ಹಿಡಿದು ತಿಕ್ಕಿ. ಪೂರ್ತಿ ಚೆಂಡು ಮಾಡಬೇಡಿ, ಚೌಕದ ನೆನಪು ಉಳಿದಿರಲಿ. ಈಗ ಮೊದಲು ಇದ್ದ ಕ್ರಮದಲ್ಲೇ ಮತ್ತೆ ಜೋಡಿಸಿ, ಆದರೆ ಒಂದನ್ನು ತುಸು ವಾಲಿಸಿ, ಒಂದನ್ನು ತುಸು ಜರುಗಿಸಿ, ಒಂದನ್ನು ಕೆಳಗೆ ಉರುಳಿಬಿದ್ದಂತೆ ದೂರ ಇಡಿ. ಗುಡ್ಡ ಅಂದರೆ ಇದೇ. ಬಂಡೆಗಳನ್ನು ಬೇರೆ ಬೇರೆ ತುಂಡಿನಿಂದ ಮಾಡಿ ಗುಡ್ಡೆ ಹಾಕಿದರೆ ಜಲ್ಲಿ ರಾಶಿಯಂತೆ ಕಾಣುತ್ತದೆ. ಒಂದೇ ತುಂಡಿನಿಂದ ಮಾಡಿದರೆ ಬಿರುಕಿನ ಸಾಲುಗಳು ಒಂದಕ್ಕೊಂದು ಕೂಡುತ್ತವೆ. ನೋಡುವವನಿಗೆ ಕಾರಣ ತಿಳಿಯದಿದ್ದರೂ ಇದು ನಮ್ಮ ಕಡೆಯ ಗುಡ್ಡ ಅನ್ನುವುದು ತಿಳಿಯುತ್ತದೆ. ಸಂದಿಗಳನ್ನು ಒಂದು ಗೊಂಬೆ ಹಿಡಿಸುವಷ್ಟು ಬಿಡಿ. ಬೇಡರ ಕೋವಿಗಾರರು ಕೂರಬೇಕಾದ ಜಾಗ ಅದು.

ಥರ್ಮಾಕೋಲಿನ ಕಾಳು ಮುಚ್ಚಲು ಮೇಲೊಂದು ಲೇಪ ಬೇಕು. ಇದಕ್ಕೆ ಕಂಪನಿಯ ಡಬ್ಬಿಗಳು ಸಿಗುತ್ತವೆ, ತುಟ್ಟಿ. ನಮ್ಮಲ್ಲಿ ಅದಕ್ಕಿಂತ ಹಳೆಯದು, ಒಳ್ಳೆಯದು ಇದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವಾಗ ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸುತ್ತಾರೆ. ಕಿಟ್ಟ ಅನ್ನುತ್ತಾರೆ ಅದಕ್ಕೆ. ಗೊಂಬೆಯ ಒಡವೆಗಳನ್ನು ಉಬ್ಬಿಸಲು ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಸುತ್ತಾರೆ. ಯಾವ ದೇಶದ ಗೇಮ್ ಅಂಗಡಿಯಲ್ಲಿ ಡಬ್ಬಿ ಕೊಂಡರೂ ಒಳಗಿರುವ ತತ್ವ ಇದೇ: ಒಂದು ಪುಡಿ, ಒಂದು ಅಂಟು. ನೀವು ಮನೆಯಲ್ಲಿ ಹೀಗೆ ಮಾಡಿ: ಹಳೆ ಪೇಪರನ್ನು ರಾತ್ರಿ ನೆನೆಸಿ ಅರೆದ ಮುದ್ದೆ, ಜರಡಿ ಹಿಡಿದ ಸಣ್ಣ ಮರಳು, ಫೆವಿಕಾಲ್. ದೋಸೆಹಿಟ್ಟಿಗಿಂತ ಗಟ್ಟಿ, ರೊಟ್ಟಿಹಿಟ್ಟಿಗಿಂತ ತೆಳು. ಹಳೆ ಬ್ರಷ್ಷಿನಲ್ಲಿ ಬಡಿದು ಬಡಿದು ಹಚ್ಚಿ, ಎಳೆದರೆ ಗೆರೆ ಬೀಳುತ್ತದೆ. ಹುಣಸೆಬೀಜದ ಅಂಟನ್ನೇ ಬಳಸುವ ಆಸೆಯಿದ್ದರೆ ಬಳಸಿ, ಬಿಗಿಯಾಗಿ ಹಿಡಿಯುತ್ತದೆ. ಆದರೆ ಹಿಟ್ಟಿನ ಅಂಟು ಯಾವುದೇ ಇರಲಿ ಜಿರಲೆ, ಇಲಿಗೆ ಪ್ರೀತಿ. ಹಿಂದೆ ಪುಸ್ತಕ ಕಟ್ಟುವವರು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದದ್ದು ಅದಕ್ಕೇ. ಅದು ವಿಷ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಉಸಾಬರಿಯೇ ಬೇಡ.

ಬಣ್ಣಕ್ಕೆ ಬಂದರೆ, ಕಲ್ಲು ಬೂದು ಎಂದುಕೊಂಡು ಬೂದು ಬಳಿದುಬಿಡಬೇಡಿ. ಬೆಳಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ನಿಮ್ಮ ಹತ್ತಿಕುಣಿ ಜಲಾಶಯದ ದಂಡೆಗೆ ಹೋಗಿ ಬಂಡೆಗಳನ್ನು ನೋಡಿ. ಬೂದುಬಣ್ಣದೊಳಗೆ ನಸುಗೆಂಪು ಇರುತ್ತದೆ, ನೆತ್ತಿಯಿಂದ ಕೆಳಕ್ಕೆ ಮಳೆನೀರು ಹರಿದ ಕರಿ ಪಟ್ಟೆ ಇರುತ್ತದೆ, ಬುಡದಲ್ಲಿ ಕೆಮ್ಮಣ್ಣಿನ ಕಲೆ ಇರುತ್ತದೆ. ಕೆಲಸದ ಕ್ರಮ ಹೀಗೆ: ಮೊದಲು ಕಪ್ಪಿಗೆ ತುಸು ಕಂದು ಸೇರಿಸಿ ಪೂರ್ತಿ ಬಳಿಯಿರಿ, ಸ್ವಲ್ಪ ಫೆವಿಕಾಲನ್ನೂ ಬೆರೆಸಿದರೆ ಮೇಲ್ಮೈ ಗಟ್ಟಿಯಾಗುತ್ತದೆ. ಒಣಗಿದ ಮೇಲೆ ಬೂದುಬಣ್ಣದಲ್ಲಿ ಬ್ರಷ್ ಅದ್ದಿ, ಹಳೆ ಬಟ್ಟೆಗೆ ಒರೆಸಿ ಒರೆಸಿ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟಾದಾಗ ಬಂಡೆಯ ಮೇಲೆ ಹಗುರಾಗಿ ಆಡಿಸಿ. ಉಬ್ಬಿದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ, ತಗ್ಗು ಕತ್ತಲಾಗಿಯೇ ಉಳಿಯುತ್ತದೆ. ಇದಕ್ಕಿಂತ ತಿಳಿಯಾದ ಬಣ್ಣದಲ್ಲಿ ಇನ್ನೊಮ್ಮೆ. ಈ ಒಣ ಬ್ರಷ್ಷಿನ ಕೆಲಸ ಕೈಗೆ ಹತ್ತಿದರೆ ಅರ್ಧ ವಿದ್ಯೆ ಬಂದಂತೆ. ಕಡೆಗೆ ಕರಿಬಣ್ಣಕ್ಕೆ ಬಹಳ ನೀರು ಸೇರಿಸಿ ನೆತ್ತಿಯಿಂದ ಒಂದೆರಡು ಹನಿ ಇಳಿಯಬಿಡಿ, ಮಳೆಯ ಪಟ್ಟೆ ತಾನೇ ಮೂಡುತ್ತದೆ. ಒಟ್ಟಿನಲ್ಲಿ ನಿಜದ ಕಲ್ಲಿಗಿಂತ ತುಸು ತಿಳಿಬಣ್ಣವೇ ಇರಲಿ. ಮೂರಡಿ ದೂರದಿಂದ ನೀವು ಮೇಜು ನೋಡುತ್ತೀರಿ ಅಂದರೆ, ಅರವತ್ತು ಪಟ್ಟಿನ ಲೆಕ್ಕದಲ್ಲಿ ಗುಡ್ಡವನ್ನು ನೂರಎಂಬತ್ತು ಅಡಿ ದೂರದಿಂದ ನೋಡಿದಂತೆ. ಅಷ್ಟು ದೂರದಿಂದ ಕಪ್ಪು ಕಪ್ಪಾಗಿ ಕಾಣುವುದಿಲ್ಲ.

ಮಣ್ಣಿಗೆ ಮಣ್ಣೇ. ಕೊಂಡು ತರುವವರನ್ನು ಕಂಡರೆ ನನಗೆ ನಗು ಬರುತ್ತದೆ. ಮಸಾರಿ ಮಣ್ಣನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ (ಅವ್ವನ ಜರಡಿಯಲ್ಲಿ ಬೇಡ, ಹಳೆಯದೊಂದು ಇಟ್ಟುಕೊಳ್ಳಿ), ಹಂಚಿನ ಮೇಲೆ ಹುರಿದು ಹುಳು, ಕಳೆಬೀಜ ಸಾಯಿಸಿ, ಫೆವಿಕಾಲ್ ನೀರು ಹಚ್ಚಿದ ಮೇಲ್ಮೈಗೆ ಉದುರಿಸಿ. ಎರಿ ಮಣ್ಣಿನ ಜೊತೆ ಜೋಕೆ. ಅದು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ, ಗುಡ್ಡದ ಮೇಲೆ ಹಚ್ಚಿದರೆ ಹಪ್ಪಳದಂತೆ ಎದ್ದುಬರುತ್ತದೆ. ಆದರೆ ಇದೇ ಗುಣ ಬತ್ತಿದ ಕೆರೆಯಂಗಳ ಮಾಡಲು ವರ. ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ, ತೆಳುವಾಗಿ ಎರಿ ಮಣ್ಣಿನ ಕೆಸರು ಬಳಿದು ಬಿಸಿಲಿಗಿಡಿ. ಮಧ್ಯಾಹ್ನದೊಳಗೆ ಸಣ್ಣ ಸಣ್ಣ ಬಿರುಕಿನ ಜಾಲ ಬಿದ್ದಿರುತ್ತದೆ. ಯಾವ ಬ್ರಷ್ಷಿನಿಂದಲೂ ಅಷ್ಟು ನಿಜವಾಗಿ ಬರೆಯಲಾಗದು. ಬಿರಿದ ಮೇಲೆ ಫೆವಿಕಾಲ್ ನೀರನ್ನು ಹನಿಹನಿಯಾಗಿ ಬಿಟ್ಟು ಗಟ್ಟಿ ಮಾಡಿಕೊಳ್ಳಿ. ಮುತ್ತಿಗೆ ನಡೆದದ್ದು ಬೇಸಿಗೆಯಲ್ಲಿ. ಹಸಿರು ಹುಲ್ಲು ಹಾಸಿದರೆ ತಪ್ಪಾಗುತ್ತದೆ. ಒಣ ಹುಲ್ಲಿಗೆ ಹಳೆ ಗೋಣಿದಾರವನ್ನು ಅರ್ಧ ಇಂಚು ಕತ್ತರಿಸಿ, ಪೊದೆಪೊದೆಯಾಗಿ ನೆಟ್ಟು, ತುದಿ ಬಿಡಿಸಿ. ಕುದಿಸಿ ಒಣಗಿಸಿದ ಚಹಾಪುಡಿ ಉದುರಿದ ಎಲೆಯಾಗುತ್ತದೆ.

ಗಿಡಕ್ಕೆ ಪ್ಲಾಸ್ಟಿಕ್ ಬೇಡವೇ ಬೇಡ. ತೊಗರಿ ಕಟ್ಟಿಗೆಯ ತುದಿ, ಹತ್ತಿ ಕಟ್ಟಿಗೆಯ ತುದಿ ತಂದು ನೋಡಿ, ಕವಲೊಡೆಯುವ ರೀತಿಯೇ ಪುಟ್ಟ ಮರದ್ದು. ರಾಶಿ ಮುಗಿದ ಹೊಲದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಕೊಂಬೆಗೆ ತೆಂಗಿನ ನಾರು ಹಿಂಜಿ ಸುತ್ತಿ, ಅಂಟು ಹಚ್ಚಿ, ಬಣ್ಣ ಕಟ್ಟಿದ ಮರದ ಹೊಟ್ಟು ಉದುರಿಸಿದರೆ ಬೇವು, ಹುಣಸೆ, ಕರಿಜಾಲಿ ಏನು ಬೇಕೋ ಅದು. ಒಂದನ್ನು ಮಾತ್ರ ಮಾಡಬೇಡಿ: ಬಳ್ಳಾರಿ ಜಾಲಿ. ಈಗ ನಿಮ್ಮ ಕಡೆ ಕಣ್ಣು ಹಾಯಿಸಿದಲ್ಲೆಲ್ಲ ಅದೇ ಇದ್ದರೂ ಅದು ಅಮೆರಿಕ ಖಂಡದ ಗಿಡ, ನಮ್ಮ ದೇಶಕ್ಕೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಪಿಡ್ಡನಾಯಕ ಅದನ್ನು ಕಂಡವನಲ್ಲ.

ಮನೆಗಳ ವಿಷಯದಲ್ಲಿ ನಿಮ್ಮ ಸೀಮೆಯವರು ಪುಣ್ಯವಂತರು. ಹೆಂಚಿನ ಮನೆಯ ಇಳಿಜಾರು ಸೂರಿನ ಮೇಲೆ ಗೊಂಬೆ ನಿಲ್ಲದು. ಮಾಳಿಗೆ ಮನೆಯ ಮೇಲೆ ಹತ್ತು ಗೊಂಬೆ ನಿಲ್ಲುತ್ತದೆ, ಸುತ್ತ ಕುಂಬಿ ಇರುವುದರಿಂದ ಮರೆಯೂ ಸಿಗುತ್ತದೆ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟುವ ಹಾಗೆ ಮನೆಗಳನ್ನು ಹತ್ತಿರ ಹತ್ತಿರ ಇಟ್ಟರೆ ತಳವಾರಗೇರಾದ ಕಾಳಗ ಬೀದಿಯಲ್ಲೂ ಮೇಲೆಯೂ ಒಟ್ಟಿಗೆ ನಡೆಯುತ್ತದೆ. ಗೋಡೆಗೆ ಪಾರ್ಸಲ್ ಪೆಟ್ಟಿಗೆಯ ರಟ್ಟು ಎರಡು ಪದರ. ಅದರ ಮೇಲೆ ತತ್ತಿ ಟ್ರೇಯನ್ನು ಉಗುರಗಲ ಹರಿದ ಚೂರುಗಳು. ಕತ್ತರಿಯಿಂದ ಕತ್ತರಿಸಬೇಡಿ, ಕೈಯಿಂದ ಹರಿದರೇ ಕಲ್ಲಿನ ಅಂಚು ಬರುವುದು. ದೊಡ್ಡ ಚೂರು ಬುಡಕ್ಕೆ, ಸಣ್ಣದು ಮೇಲಕ್ಕೆ. ತೊಲೆ, ಜಂತೆಗೆ ಜೋಳದ ದಂಟಿನ ಸಿಬಿರು. ಜೋಳದ ದಂಟಿನ ಬೆಂಡು ಮತ್ತು ಸಿಬಿರಿನಿಂದ ಚಕ್ಕಡಿ ಮಾಡಿ ಆಡಿದ ಕೈಗಳು ಪ್ರತಿ ಮನೆಯಲ್ಲೂ ಇವೆ. ನಿಮ್ಮ ಅಪ್ಪನನ್ನೋ ಕಾಕಾನನ್ನೋ ಹಿಡಿದು ಕೂರಿಸಿ, ಚಕ್ಕಡಿಯ ಜೊತೆ ಏಣಿ, ಬಾಗಿಲು, ಮಂಚ ಎಲ್ಲ ಒಂದು ಸಂಜೆಯಲ್ಲಿ ಮಾಡಿಕೊಡುತ್ತಾರೆ. ಮಾಳಿಗೆಯನ್ನು ಅಂಟಿಸದೆ ಡಬ್ಬಿಯ ಮುಚ್ಚಳದಂತೆ ಎತ್ತಲು ಬರುವ ಹಾಗೆ ಬಿಡಿ, ಒಳಗೂ ಆಟ ನಡೆಯಬೇಕು.

ಕೋಟೆಯನ್ನು ಪೂರ್ತಿ ಕಟ್ಟುವ ಆಸೆ ಬಿಡಿ. ಒಂದು ಹುಡೇವು, ಅದರ ಎರಡು ಪಕ್ಕ ಒಂದೊಂದು ಅಡಿ ಗೋಡೆ, ಸಾಧ್ಯವಾದರೆ ಒಂದು ಅಗಸಿ ಬಾಗಿಲು. ಮೇಜಿನ ಅಂಚಿಗೆ ಅಷ್ಟಿದ್ದರೆ ಹಿಂದೆ ಕೋಟೆಯೇ ಇದೆ ಎಂದು ಅರ್ಥ. ಗೋಡೆಯ ಮೇಲಿನ ಓಡಾಟದ ದಾರಿ ಒಂದೂಕಾಲು ಇಂಚಿಗಿಂತ ಕಡಿಮೆಯಾಗದಿರಲಿ, ನಿಜದ ಅಳತೆಗೆ ಹೆಚ್ಚಾದರೂ ಚಿಂತೆಯಿಲ್ಲ.

ಬಾವಿ ಮಾತ್ರ ಶ್ರದ್ಧೆಯಿಂದ ಮಾಡಿ, ಏಕೆಂದರೆ ಈ ಆಟ ಗೆಲ್ಲುವುದೂ ಸೋಲುವುದೂ ಅದರಿಂದ. ಮೇಜಿನ ಹಲಗೆಯಲ್ಲಿ ಗುಂಡಿ ತೋಡಲಾಗದು. ಆದ್ದರಿಂದ ಒಂದಿಂಚು ದಪ್ಪದ ಥರ್ಮಾಕೋಲ್ ದಿಣ್ಣೆ ಮಾಡಿ, ನಡುವೆ ನಾಲ್ಕಿಂಚು ಚೌಕ ಕೊರೆದು, ಒಂದು ಮಗ್ಗುಲಿಗೆ ಮೆಟ್ಟಿಲು ಬಿಡಿ. ದಿಣ್ಣೆಯ ಹೊರ ಅಂಚನ್ನು ಇಳಿಜಾರಾಗಿ ಸವರಿದರೆ ಗೊತ್ತಾಗುವುದಿಲ್ಲ. ತಳಕ್ಕೆ ಕಡುಹಸಿರು-ಕಪ್ಪು ಬಣ್ಣ, ಮೇಲೆ ಥಿನ್ನರ್ ಇಲ್ಲದ ಹೊಳೆಯುವ ವಾರ್ನಿಷ್ ಮೂರ್ನಾಲ್ಕು ಸಲ ತೆಳುವಾಗಿ. ಒಂದೇ ಸಲ ದಪ್ಪ ಸುರಿದರೆ ಒಳಗೆ ಒಣಗದೆ ಮಬ್ಬಾಗುತ್ತದೆ. ನಿಯಮವನ್ನು ಹೀಗಿಡಬಹುದು: ಆರು ಸುತ್ತು ಮುಗಿಯುವಾಗ ಎರಡೂ ಬಾವಿ ಮೊಗಲರ ಕೈಲಿದ್ದರೆ ಅವರು ಗೆದ್ದರು, ಒಂದಾದರೂ ಬೇಡರ ಕೈಲಿದ್ದರೆ ಬೇಡರು ಗೆದ್ದರು. ಆಗ ದಿಬ್ಬದ ಮೇಲೆ ಯಾರಿದ್ದಾರೆ, ಅಲ್ಲಿಂದ ಯಾವ ಬಾವಿ ಕಾಣುತ್ತದೆ, ಯಾವ ಬಂಡೆ ಅಡ್ಡ ಬರುತ್ತದೆ ಎಂಬುದಕ್ಕೆಲ್ಲ ಬೆಲೆ ಬರುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಹಲಗೆಗೆ ಅಂಟಿಸಬೇಡಿ. ಪ್ರತಿ ತುಂಡಿಗೂ ಬೇರೆ ಬೇರೆ ಅಡಿಹಲಗೆ ಇರಲಿ, ಮೂರು ಮಿಲಿಮೀಟರ್ ಎಂಡಿಎಫ್ ಸಾಕು. ರಟ್ಟಾದರೆ ಅಂಟಿನ ನೀರಿಗೆ ಸೊಟ್ಟಗಾಗುತ್ತದೆ, ಅಡಿಭಾಗಕ್ಕೂ ಬಣ್ಣ ಬಳಿದರೆ ಸೊಟ್ಟ ಕಡಿಮೆ. ಬಿಡಿ ತುಂಡುಗಳನ್ನು ಪ್ರತಿ ಆಟಕ್ಕೂ ಬೇರೆ ರೀತಿ ಜೋಡಿಸಬಹುದು. ನಾಳೆ ಅದೇ ಬಂಡೆಗಳು ಬ್ರಿಟಿಷರ ವಿರುದ್ಧ ಎದ್ದ 1858ರ ಸುರಪುರಕ್ಕೂ, ರಾಜಾ ವೆಂಕಟಪ್ಪ ನಾಯಕನ ಕಾಲಕ್ಕೂ ಒದಗುತ್ತವೆ.

ಇದೆಲ್ಲ ವಿಡಿಯೋ ಕಾಲದ ಹೊಸ ಹುಚ್ಚು ಎಂದು ಮನೆಯಲ್ಲಿ ಯಾರಾದರೂ ಅಂದರೆ, ಪ್ರಶ್ಯದ ರೈಸ್‌ವಿಟ್ಜ್ ಎಂಬ ಅಧಿಕಾರಿ 1812ರಲ್ಲೇ ತನ್ನ ದೊರೆಗೆ ಇಂಥದ್ದೊಂದು ಮೇಜು ಮಾಡಿಕೊಟ್ಟ ಎಂದು ಹೇಳಿ. ಗುಡ್ಡ, ನದಿ, ಊರುಗಳನ್ನು ಗಾರೆಯ ಬಿಲ್ಲೆಗಳಲ್ಲಿ ಅಚ್ಚು ಹಾಕಿ, ಬಣ್ಣ ಬಳಿದು, ಬೇಕಾದಂತೆ ಜೋಡಿಸಲು ಬರುವ ಹಾಗೆ ಮಾಡಿದ್ದ. ಅವನ ಮಗ 1824ರಲ್ಲಿ ಬಿಲ್ಲೆ ಬಿಟ್ಟು ನಕ್ಷೆ ಹಿಡಿದ, ಸೈನ್ಯದವರು ಅದನ್ನು ತರಬೇತಿಗೆ ತೆಗೆದುಕೊಂಡರು. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು, ಮರದ ತುಂಡು, ಗಿಡದ ಕಡ್ಡಿಗಳಿಂದ ನೆಲದ ಮೇಲೆ ಊರು ಕಟ್ಟಿ ಆಟಿಕೆ ತೋಪು ಹಾರಿಸುವುದನ್ನು ದೊಡ್ಡವರಿಗೂ ಕಲಿಸಿದ. ಅಷ್ಟು ದೂರವೇಕೆ, ಬೆಳಗಾವಿಯಲ್ಲಿ ದೀಪಾವಳಿಗೆ ಮಕ್ಕಳು ಕಿಲ್ಲಾ ಕಟ್ಟುವುದನ್ನು ನೋಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಕಲ್ಲು ಇಟ್ಟಿಗೆ ಪೇರಿಸಿ, ಕೆಸರಲ್ಲಿ ಅದ್ದಿದ ಗೋಣಿಚೀಲ ಹೊದಿಸಿ ಗುಡ್ಡ ಮಾಡುತ್ತಾರೆ, ಮೇಲೆ ಕಾಳು ಚೆಲ್ಲಿ ಹಸಿರು ಬರಿಸುತ್ತಾರೆ, ಶಿವಾಜಿ ಮತ್ತು ಮಾವಳರ ಗೊಂಬೆ ನಿಲ್ಲಿಸುತ್ತಾರೆ. ಗೋಣಿಚೀಲದ ಆ ಉಪಾಯವನ್ನು ನೀವೂ ಎತ್ತಿಕೊಳ್ಳಿ. ಹಳೆ ಧೋತರದ ಪಟ್ಟಿಗಳನ್ನು ಫೆವಿಕಾಲ್ ನೀರಲ್ಲಿ ಅದ್ದಿ, ಬಂಡೆ ಮತ್ತು ನೆಲ ಕೂಡುವಲ್ಲಿ ಹೊದಿಸಿದರೆ ಬಂಡೆ ನೆಲದಿಂದ ಎದ್ದಂತೆ ಕಾಣುತ್ತದೆ. ಇಲ್ಲದಿದ್ದರೆ ತಂದು ಇಟ್ಟಂತೆ ಕಾಣುತ್ತದೆ.

ಕಡೆಗೆ ಸೈನಿಕರ ಪ್ರಶ್ನೆ. ಕಂಪನಿಯ ಗೊಂಬೆಗಳು ತುಟ್ಟಿ ಹೌದು, ಕೊಂಡರೂ ಅದರಲ್ಲಿ ಬೇಡ ಪಡೆಯ ಕೋವಿಗಾರ ಸಿಗುವುದು ಅನುಮಾನ. ಮೊದಲಿಗೆ ಕಾಗದದ ಸೈನಿಕರು ಸಾಕು. ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಒಂದಿಂಚಿಗಿಂತ ತುಸು ಎತ್ತರಕ್ಕೆ ಮುಂಭಾಗ, ಬೆನ್ನು ಎರಡೂ ಬರೆದು, ಮಡಿಚಿ ಅಂಟಿಸಿ, ಹಾರ್ಡ್‌ವೇರ್ ಅಂಗಡಿಯ ಒಂದಿಂಚು ಅಗಲದ ವಾಷರ್ ಮೇಲೆ ನಿಲ್ಲಿಸಿ. ವಾಷರಿನ ಭಾರಕ್ಕೆ ಫ್ಯಾನ್ ಗಾಳಿಗೂ ಬೀಳುವುದಿಲ್ಲ. ಮಣ್ಣಿನಲ್ಲೇ ಮಾಡುವ ಉಮೇದಿದ್ದರೆ ಮಣ್ಣೆತ್ತಿನ ಅಮಾವಾಸ್ಯೆಗೆ ನಿಮ್ಮ ಓಣಿಯಲ್ಲಿ ಎತ್ತು ಮಾಡುವ ಕೈಗಳಿವೆಯಲ್ಲ, ಅವರಿಂದ ಎತ್ತು, ಗ್ವಾದಲಿ ಮಾಡಿಸಿಕೊಳ್ಳಿ. ಎರಡು ಇಂಚಿನ ಎತ್ತಿನ ಜೋಡಿ ಈ ಅಳತೆಯ ಮೇಜಿಗೆ ತಕ್ಕಮಟ್ಟಿಗೆ ಒಪ್ಪುತ್ತದೆ, ಮೊಗಲರ ತೋಪು ಎಳೆಯಲು ಎತ್ತುಗಳು ಹೇಗೂ ಬೇಕು. ಆದರೆ ಮನುಷ್ಯರನ್ನು ಹಸಿಮಣ್ಣಿನಲ್ಲಿ ಅಷ್ಟು ಸಣ್ಣದಾಗಿ ಮಾಡಿದರೆ ಕಾಲು ಮುರಿಯುತ್ತದೆ. ಅದಕ್ಕೆ ಸ್ಟೇಷನರಿ ಅಂಗಡಿಯ ಎಂ-ಸೀಲ್ ತಂದು, ಸಣ್ಣ ತಂತಿಯ ಅಸ್ಥಿಪಂಜರದ ಮೇಲೆ ಹಚ್ಚಿ. ಕೈಗೆ ನೀರು ಹಚ್ಚಿಕೊಂಡರೆ ಬೆರಳಿಗೆ ಅಂಟುವುದಿಲ್ಲ, ಮತ್ತು ಕಲಸಿದ್ದು ಗಟ್ಟಿಯಾಗುವ ಮೊದಲು ಒಂದು ಗೊಂಬೆಗಿಂತ ಹೆಚ್ಚು ಆಗುವುದಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ.